ಬಾಗಿಲಾಚೆಯ ಪಾಠಕ್ಕೆ ಕಿವಿಗೊಟ್ಟ ಪ್ರಮೀಳಾ ಮೇಡಂ

ಶನಿವಾರದ ಬೆಳಗು. ಕೋಟೆ ತಾಲ್ಲೂಕಿನ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಅಂಗಡಿಗಳು ಇನ್ನೂ ಕಣ್ಣು ಬಿಟ್ಟಿಲ್ಲ. ಮಂಜು ರಸ್ತೆಗೇ ಇಳಿದು ನಿಂತಿದೆ. ಮೈಸೂರಿನ ಬಸ್ಸು ಅದರೊಳಗಿಂದ ಮೊದಲು ದೀಪವಾಗಿ, ಆಮೇಲೆ ಸದ್ದಾಗಿ, ಕೊನೆಗೆ ಬಸ್ಸಾಗಿ ಬರುತ್ತದೆ. ಆ ಹೊತ್ತಿಗಾಗಲೇ ಸೈಬರ್ ಸೆಂಟರಿನ ಮುಚ್ಚಿದ ಷಟರ್ ಮುಂದೆ, ಸೀರೆಯ ಮೇಲೆ ಸ್ವೆಟರ್ ತೊಟ್ಟ ಹೆಂಗಸೊಬ್ಬರು ಕಾಯುತ್ತಿದ್ದಾರೆ.

“ಕೋಳಿಗಿಂತ ಮುಂಚೆ ಬಂದ್ಬುಟ್ರಲ್ಲ ಮೇಡಂ!” ಎನ್ನುತ್ತಾ ಮಾಲೀಕ ಚಲುವರಾಜು ಷಟರ್ ಎತ್ತುತ್ತಾರೆ. “ಎಂಟಕ್ಕೆ ಕರೆಂಟ್ ಹೋಯ್ತದೆ. ಬಿರ್ರನೆ ಮುಗಿಸ್ಬುಡಿ.”

ಇವರು ಪ್ರಮೀಳಾ. ಸರ್ಕಾರಿ ಶಾಲೆಯ ಒಂದನೇ ತರಗತಿಗೂ ಇಂಗ್ಲಿಷ್ ಬಂದಿದೆ. ಅದನ್ನು ಮಕ್ಕಳಿಗೆ ಹೇಗೆ ಕಲಿಸಬೇಕೆಂದು ಶಿಕ್ಷಕರಿಗೆ ಕಲಿಸುವುದು ಇವರ ಕೆಲಸ. ಮೇಷ್ಟ್ರುಗಳಿಗೆ ಮಿಸ್ ಅನ್ನಿ. ನಲವತ್ತು ಮಂದಿಯ ತಂಡ, ಹತ್ತು ದಿನದ ತರಬೇತಿ. ಕೋಟೆಯಲ್ಲಿ ಒಂದು ತಂಡ ಮುಗಿಯುವಷ್ಟರಲ್ಲಿ ಹುಣಸೂರಿನಿಂದಲೋ ಕೆ.ಆರ್. ನಗರದಿಂದಲೋ ಕರೆ ಬರುತ್ತದೆ. ಗಂಡ ಬೆಟ್ಟದಪುರದಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ಇವರು ಕೋಟೆಯ ಬಾಡಿಗೆ ಕೋಣೆಯಲ್ಲಿ. ಚಿತ್ರದ ಕಾರ್ಡುಗಳನ್ನು ತುಂಬಿದ ಚೀಲ ಹೊತ್ತು ಹೊತ್ತು ಬಲಭುಜ ಒಂಚೂರು ಕೆಳಗಿಳಿದಿದೆ.

ಎರಡು ತಿಂಗಳ ಹಿಂದೆ ಪ್ರಮೀಳಾ ಬ್ಲಾಗ್ ಶುರು ಮಾಡಿದ್ದಾರೆ. ಇಂಟರ್‌ನೆಟ್ಟಿನಲ್ಲಿ ಅವರದೇ ಒಂದು ಪುಟ. ಓದಿದವರು ಕೆಳಗೆ ತಮ್ಮ ಮಾತೂ ಬರೆಯಬಹುದು. ಪ್ರತಿ ಬರಹದ ಕೊನೆಯಲ್ಲೂ ಒಂದೇ ಪ್ರಶ್ನೆ: ಇವತ್ತು ನಿಮ್ಮ ಕ್ಲಾಸಿನಲ್ಲಿ ಏನಾಯಿತು? ಅದರ ಕೆಳಗಿನ ಜಾಗ ಈವರೆಗೂ ಖಾಲಿ.

“ಬಂತಾ ಏನಾರ?” ಚಲುವರಾಜು ಇಣುಕುತ್ತಾರೆ.

“ಇಲ್ಲ ಕಣಪ್ಪ.”

“ನೀವೇ ಒಂದ್ ಬರ್ಕಂಡ್ಬುಡಿ ಅತ್ಲಾಗೆ. ಯಾವ ಮೇಷ್ಟ್ರು ಬರದ್ರು ಅಂತ ಯಾರ್ ಕೇಳ್ತಾರೆ?”

“ಅಂಗೆ ನಾನೇ ಬರ್ಕಳಂಗಿದ್ರೆ ನಿನ್ನ ನಿದ್ದೆ ಯಾಕ್ ಕೆಡಿಸ್ತಿದ್ದೆ?”

ತರಬೇತಿ ಕೊಡುವ ಕೆಲಸಕ್ಕೆ ಬರುವ ಮೊದಲು ಪ್ರಮೀಳಾ ಕೆ.ಆರ್. ನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಂದನೇ ತರಗತಿಯ ಮಿಸ್. ಸೆರಗು ಹಿಡಿದು ಎಳೆಯುವ ಕೈಗಳು, ಬಳಪದ ಪುಡಿ, ಎಲ್ಲರೂ ಒಟ್ಟಿಗೇ ದೂರು ಹೇಳುವ ಗದ್ದಲ. ಚೆನ್ನಾಗಿ ಕಲಿಸುತ್ತಾರೆಂದು ಅಲ್ಲಿಂದ ಎಬ್ಬಿಸಿ ಇಲ್ಲಿಗೆ ಕಳಿಸಿದರು. ಚೆನ್ನಾಗಿ ಕಲಿಸಿದ್ದಕ್ಕೆ ಎದುರಿಗೆ ಮಕ್ಕಳೇ ಇಲ್ಲವಾದರು.

ಅಜ್ಜಿಯರ ಕಥೆಗಳಲ್ಲಿ ಒಬ್ಬ ರಾಜಕುಮಾರಿ ಇರುತ್ತಾಳೆ. ಹಕ್ಕಿಯ ಹಾಡಿಗೆ ಆಸೆಪಟ್ಟು ಅವಳು ಯಾವ ಮರದ ಕೆಳಗೆ ಹೋದರೂ ಹಕ್ಕಿಗಳು ಸುಮ್ಮನಾಗಿಬಿಡುತ್ತವೆ. ಪ್ರಮೀಳಾ ಅವರ ಪಾಡೂ ಅದೇ. ಬಿಡುವಾದಾಗಲೆಲ್ಲ ಬಸ್ಸು ಹತ್ತಿ, ತಾವು ಕಲಿಸಿದ ಶಿಕ್ಷಕರ ಶಾಲೆಗೆ ಹೋಗಿ ನೋಡಿದ್ದಾರೆ.

“ಹೊಸ್ತಿಲು ದಾಟೋದೇ ತಡ, ಮಕ್ಳು ಎದ್ದು ‘ಗುಡ್ ಮಾರ್ನಿಂಗ್ ಮೇಡಂ’ ಅಂತ ರಾಗ ಎಳದು ಕೈ ಕಟ್ಕಂಡು ಕೂತ್ಕತವೆ. ಮೇಷ್ಟ್ರೂ ಕೈ ಕಟ್ಕತಾರೆ! ನಾನ್ ಹೇಳ್ಕೊಟ್ಟಿದ್ದನ್ನೇ ನಂಗೆ ಒಪ್ಪಿಸ್ತಾರೆ. ನಾನ್ ಹೊರಟ್ ಮೇಲೆ ಅಲ್ಲೇನಾಯ್ತದೆ? ಅದೊಂದು ಗೊತ್ತಾಗ್ಬೇಕು ನಂಗೆ.”

ಹೋದ ವಾರ ಬಸ್ಸಿನಲ್ಲಿ ಪುಟ್ಟಸಿದ್ದಮ್ಮ ಸಿಕ್ಕಿದರು. ಅಂತರಸಂತೆಯಾಚೆಯ ಪುಟ್ಟ ಊರಿನ ಶಿಕ್ಷಕಿ, ಪ್ರಮೀಳಾ ಅವರ ತರಬೇತಿಯಲ್ಲಿ ಕಲಿತವರು. ಬ್ಲಾಗಿಗೆ ಬರೆಯಿರಿ ಎಂದರೆ ನಕ್ಕುಬಿಟ್ಟರು. “ನಮ್ಮೂರಲ್ಲಿ ಕಂಪ್ಯೂಟರ್ ಎಲ್ಲದೆ ಮೇಡಂ? ನೀವಂತೂ ಬರ್ಬ್ಯಾಡಿ, ನೀವ್ ಬಂದ್ರೆ ನಾನೂ ಕಲ್ಲು, ಮಕ್ಳೂ ಕಲ್ಲು. ಶನಿವಾರ ಮಿಸ್ ಕಾಲ್ ಕೊಡ್ತೀನಿ. ನೀವೇ ತಿರುಗಿ ಮಾಡಿ. ಕಿಟಕೀಲಿ ಮಾತ್ರ ನೆಟ್‌ವರ್ಕ್ ಸಿಗೋದು, ಅಲ್ಲೇ ಫೋನ್ ಇಟ್ಬುಡ್ತೀನಿ. ಕೇಳ್ಕಂಡು ಬರ್ಕಳಿ.”

ಇವತ್ತು ಆ ಶನಿವಾರ. ಎಂಟಕ್ಕೆ ಬೆಳಗಿನ ಶಾಲೆ ಶುರು. ಮೇಜಿನ ಮೇಲಿನ ಫೋನು ಒಮ್ಮೆ ಹೊಡೆದುಕೊಂಡು ನಿಲ್ಲುತ್ತದೆ. ಪ್ರಮೀಳಾ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಚಲುವರಾಜುಗೆ ಸುಮ್ಮನಿರುವಂತೆ ಕೈ ಮಾಡುತ್ತಾರೆ. ತಮ್ಮ ಉಸಿರು ಅಲ್ಲಿಗೆ ಕೇಳಿಸೀತೆಂಬ ಭಯ ಅವರಿಗೆ.

ಮೊದಲು ಗಾಳಿ. ಆಮೇಲೆ ಪುಟ್ಟಸಿದ್ದಮ್ಮನ ದನಿ: “ವಾಟ್ ಈಸ್ ಇನ್ ದ ಬ್ಯಾಗ್?” ಚೀಲದೊಳಗೆ ಏನೋ ಅಡಗಿಸಿಟ್ಟು ಮಕ್ಕಳಿಂದ ಊಹೆ ಮಾಡಿಸುವ ಈ ಆಟ ಪ್ರಮೀಳಾ ಹೇಳಿಕೊಟ್ಟದ್ದೇ. ಪೆನ್, ಬಾಲ್, ಬನಾನಾ ಎಂದು ಕೂಗುತ್ತಿರುವಾಗಲೇ ಒಂದು ಹುಡುಗಿ, “ಮಿಸ್, ಈಗ ನೀವು ಹೇಳಿ! ನಮ್ ಚೀಲ!” ಎನ್ನುತ್ತಾಳೆ.

ಅದೇ ಹೊತ್ತಿಗೆ ಕರೆಂಟು ಹೋಗುತ್ತದೆ. ಯುಪಿಎಸ್ ಕುಯ್ಯೆಂದು ಕೂಗಿ, ಬ್ಲಾಗಿನ ಪುಟ ಕಪ್ಪಾಗುತ್ತದೆ. ಪ್ರಮೀಳಾ ಅತ್ತ ತಿರುಗಿಯೂ ನೋಡುವುದಿಲ್ಲ.

ಫೋನಿನಲ್ಲಿ ಪುಟ್ಟಸಿದ್ದಮ್ಮನ ಚೀತ್ಕಾರ. “ಅಯ್ಯಯ್ಯೋ, ಕಪ್ಪೆ ಕಣ್ರಲಾ! ಯಾರ್ಲಾ ಇದ ತುಂಬ್ಕಂಡ್ ಬಂದಿದ್ದು?” ಬೆಂಚು ಬೀಳುತ್ತದೆ. “ಮಿಸ್, ಫ್ರಾಗ್! ಜಂಪ್ ಮಿಸ್, ಜಂಪ್!” ಅಷ್ಟರಲ್ಲಿ ತೀರಾ ಎಳೆಯ ದನಿಯೊಂದು, ಮಿಸ್ಸಿನದೇ ಗದರಿಕೆಯಲ್ಲಿ, ಕಪ್ಪೆಗೆ ಹೇಳುತ್ತದೆ: “ಸಿಟ್ ಡೌನ್! ಏಯ್, ಸಿಟ್ ಡೌನ್ ಅಂದ್ನಲ್ಲ!” ಇಡೀ ತರಗತಿ ಕಪ್ಪೆಗೆ ಅಪ್ಪಣೆ ಕೊಡತೊಡಗುತ್ತದೆ. ಕಮ್ ಹಿಯರ್. ಸ್ಟಾಪ್. ಗೋ ಹೋಮ್. ಪುಟ್ಟಸಿದ್ದಮ್ಮ ನಗು ತಡೆಯಲಾರದೆ ಕೆಮ್ಮುತ್ತಿದ್ದಾರೆ.

ಲೈನು ಕಟ್ಟಾಗುತ್ತದೆ. ಪ್ರಮೀಳಾ ಫೋನನ್ನು ಎತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ.

“ಪಾಠ ಕೆಟ್ಟೋಯ್ತಲ್ಲ ಮೇಡಂ,” ಚಲುವರಾಜು ಮೆಲ್ಲಗೆ ಹೇಳುತ್ತಾರೆ. “ಟೈಪೂ ಆಗ್ನಿಲ್ಲ.”

“ಕೆಟ್ಟಿಲ್ಲ ಕಣಪ್ಪ. ಮಕ್ಳು ಕಪ್ಪೆ ಜೊತೆ ಇಂಗ್ಲಿಷ್ ಮಾತಾಡಿದ್ರು. ನನ್ ಜೊತೆ ಯಾವತ್ತೂ ಆಡಿರ್ನಿಲ್ಲ.” ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಂಡು ನಗುತ್ತಾರೆ. “ನಾನು ಹೇಳ್ಕೊಟ್ಟಾಗ ಅದ್ರಲ್ಲಿ ಕಪ್ಪೆ ಇರ್ನಿಲ್ಲ. ಅದು ಅವರೇ ಹಾಕ್ಕಂಡಿದ್ದು.”

ಸೋಮವಾರ ಇದನ್ನೇ ಬ್ಲಾಗಿಗೆ ಬರೆಯುತ್ತಾರಂತೆ, ಪುಟ್ಟಸಿದ್ದಮ್ಮನ ಹೆಸರು ಹಾಕಿ. ತಮಗೇನು ಬೇಕೆಂದು ಕೇಳಿದರೆ ಬೆಟ್ಟದಪುರದ ಬಸ್ಸಿನತ್ತ ಹೆಜ್ಜೆ ಹಾಕುತ್ತಲೇ ಉತ್ತರಿಸುತ್ತಾರೆ: “ನಂಗೆ ಒಂದನೇ ಕ್ಲಾಸ್ ವಾಪಸ್ ಕೊಟ್ಬುಡ್ಲಿ, ಯಾವೂರಾದ್ರೂ ಸರಿ. ಬಾಗ್ಲು ಹಾಕ್ಕಂಡು ಪಾಠ ಮಾಡ್ತೀನಿ. ಟ್ರೈನರ್ ಮೇಡಂ ಬಂದವ್ರೆ ಅಂದ್ರೂ ತೆಗೆಯಾಕಿಲ್ಲ.”