ನೋವಿಲ್ಲದ ಮೊಣಕೈಗೊಂದು ಮುಹೂರ್ತ

ಹಳೆಯ ಕಾಲದ ದೈತ್ಯರು ಇವತ್ತು ಮೈದಾನಕ್ಕಿಳಿದರೆ ಈಗಿನ ಹುಡುಗರನ್ನೆಲ್ಲ ಹುರಿದು ಮುಕ್ಕಿಬಿಡುತ್ತಾರಂತೆ.

ಹಾಗೆಂದು ಹೇಳುತ್ತಾರೆ. ನಮ್ಮೂರಲ್ಲಿ ಕ್ರಿಕೆಟ್ ಬಗ್ಗೆ, ಇಲ್ಲಿ ಟೆಕ್ಸಸ್‌ನಲ್ಲಿ ಬೇಸ್‌ಬಾಲ್ ಬಗ್ಗೆ. ಹೇಳುವವರು ಬದಲಾಗುತ್ತಾರೆ, ಮಾತು ಮಾತ್ರ ಅದೇ. ನಾನು ನಂಬುವುದಿಲ್ಲ.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಅಲೆದು ಬಂದ ಕೆಟ್ಟ ಚಟ ಇದು. ಯಾರಾದರೂ "ಅದು ಎಲ್ಲರಿಗೂ ಗೊತ್ತಿರೋದೇ" ಎಂದರೆ ಸಾಕು, ನನ್ನ ನಾಲಿಗೆ ತುರಿಸುತ್ತದೆ. (ಕಳೆದ ವಾರ ಇದೇ ಅಂಕಣದಲ್ಲಿ ಫಿಲ್ಟರ್ ಕಾಫಿಯನ್ನು ಅನುಮಾನಿಸಿ ನಿಮ್ಮಲ್ಲಿ ಅರ್ಧ ಜನರಿಂದ ಬೈಸಿಕೊಂಡೆ. ಬುದ್ಧಿ ಬಂದಿಲ್ಲ.)

ಹೋದ ಭಾನುವಾರ ಆಸ್ಟಿನ್‌ನಿಂದ ಮಿಸೌರಿ ಸಿಟಿಗೆ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಹ್ಯೂಸ್ಟನ್‌ಗೆ ಅಂಟಿಕೊಂಡ ಊರು. ಅಲ್ಲಿ ದೇಸಾಯಿ ಅಂಕಲ್ ಮನೆ. ಧಾರವಾಡದವರು, ರಿಫೈನರಿಯಲ್ಲಿ ಎಂಜಿನಿಯರ್. ಕ್ಯಾಂಪಸ್ ಪಿಜ್ಜಾ ತಿಂದು ನಾಲಿಗೆ ಸತ್ತ ನನ್ನಂಥ ವಿದ್ಯಾರ್ಥಿಗಳಿಗೆ ಸುಧಾ ಆಂಟಿ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸುತ್ತಾರೆ. ಅಂಕಲ್ ವಾದ ಬಡಿಸುತ್ತಾರೆ. ಎರಡೂ ಬಿಸಿಬಿಸಿ.

ಅವರ ಹಾಲ್‌ನಲ್ಲಿ ಒಂದು ಕಪ್ಪು ಬಿಳುಪು ಫೋಟೊ ಇದೆ. ತೆಳ್ಳಗಿನ ಹುಡುಗನೊಬ್ಬ ಚೆಂಡು ಹಿಡಿದು ಗಾಳಿಯಲ್ಲಿದ್ದಾನೆ. ಯೂನಿವರ್ಸಿಟಿ ತಂಡದ ವೇಗದ ಬೌಲರ್ ದೇಸಾಯಿ. ಭುಜ ಕೈಕೊಡದಿದ್ದರೆ ರಾಜ್ಯಕ್ಕೆ ಆಡುತ್ತಿದ್ದರು ಎಂಬುದು ಹ್ಯೂಸ್ಟನ್ ಕನ್ನಡಿಗರಿಗೆಲ್ಲ ಬಾಯಿಪಾಠ. (ಪ್ರತಿ ಯುಗಾದಿಗೆ ಬೇವುಬೆಲ್ಲದ ಜೊತೆ ಅದನ್ನೂ ಹಂಚಲಾಗುತ್ತದೆ.)

ಟಿವಿಯಲ್ಲಿ ಬೇಸ್‌ಬಾಲ್ ಓಡುತ್ತಿತ್ತು. (ಅಲ್ಲಿ ಚೆಂಡು ಎಸೆಯುವವನು ಪಿಚರ್, ನಮ್ಮ ಬೌಲರ್ ಇದ್ದ ಹಾಗೆ.) ಅಂಕಲ್ ಶುರು ಮಾಡಿದರು.

"ಇವೇನ್ ಆಡ್ತಾವ ತಂಗಿ? ಆ ಕಾಲದ ಮಂದಿ ಬಂದ್ರ ಇವರ ಚೆಂಡು ಪಾರ್ಕಿಂಗ್ ಲಾಟ್‌ನ್ಯಾಗ ಹುಡುಕಬೇಕಾಗತಿತ್ತು!"

"ಯಾವ ಮೈ ಹೊತ್ಕೊಂಡು ಬರ್ತಾರೆ ಅಂಕಲ್? ಚಳಿಗಾಲದಲ್ಲಿ ಅಂಗಡಿಯಲ್ಲಿ ಕೆಲಸ ಮಾಡ್ಕೊಂಡು, ಬೇಸಿಗೆಯಲ್ಲಿ ಬಿಯರ್ ಕುಡ್ಕೊಂಡು ಆಡ್ತಿದ್ದ ಮೈನಾ? ಅವರ ಕಾಲದಲ್ಲಿ ಒಬ್ಬನೇ ಪಿಚರ್ ಸುಸ್ತಾಗಿ ಬೀಳೋ ತನಕ ಎಸೀತಿದ್ದ. ಈಗ ಸುಸ್ತಾಗೋ ಮುಂಚೆ ಹೊಸಬ ಬರ್ತಾನೆ. ಅದೂ ಬಿಡಿ, ಕರಿಯರನ್ನ ಮೈದಾನಕ್ಕೇ ಬಿಡದ ಕಾಲದಲ್ಲಿ ಹೊಡೆದ ಹೊಡೆತ ಅದು. ಅರ್ಧ ಜನರನ್ನ ಗೇಟಿನ ಹೊರಗೆ ನಿಲ್ಲಿಸಿ ಫಸ್ಟ್ ರ‍್ಯಾಂಕ್ ಬಂದ್ರೆ ಅದು ರ‍್ಯಾಂಕಾ?"

ಅಂಕಲ್ ರೊಟ್ಟಿ ಮುರಿದರು. ಗೆದ್ದೆ ಎಂದುಕೊಂಡೆ.

"ಬ್ಯಾಟಿಂಗ್ ಬಿಡು. ಪಿಚರ್ ಸುದ್ದಿ ಮಾತಾಡು. ಆಗೆಲ್ಲ ಮೊಣಕೈ ಹೋತಂದ್ರ ಹೋತು, ಸೀದಾ ಮನೀಗೆ. ಈಗ? ಮುಂಗೈಯಾಗಿನ ಸ್ನಾಯುವಿನ ಒಂದು ಎಳಿ ತಗದು ಮೊಣಕೈಗೆ ಹೊಲೀತಾರ. ಮತ್ತ ಬಂದು ಎಸೀತಾರ. ಆವಾಗಿನವರಿಗೆ ಈ ಆಪರೇಷನ್ ಸಿಕ್ಕಿದ್ರ?"

ಒಪ್ಪಿದೆ. ಇದು ಸರಿಯಾದ ಪಾಯಿಂಟ್. ನಾವು ದೈತ್ಯರೆನ್ನುವುದು ಕೈ ಉಳಿದವರನ್ನು ಮಾತ್ರ. ಕೈ ಹೋದ ಎಷ್ಟು ಜನ ದೈತ್ಯರು ಹೊಲಕ್ಕೋ ಅಂಗಡಿಗೋ ವಾಪಸ್ ಹೋದರೋ, ಯಾರಿಗೆ ಗೊತ್ತು?

ಆಗ ಕಂಡಿತು, ಅವರ ಮಗ ನಿಖಿಲ್ ಎಡಗೈಯಲ್ಲಿ ಊಟ ಮಾಡುತ್ತಿದ್ದ.

ಹದಿನಾರರ ಹುಡುಗ, ಹೈಸ್ಕೂಲ್ ಟೀಮಿನ ಪಿಚರ್. ಬಲಗೈಯವನು. ಎಡಗೈಯಲ್ಲಿ ರೊಟ್ಟಿ ಮುರಿಯಲು ಒದ್ದಾಡುತ್ತಿದ್ದಾನೆ. ಎಡಗೈಯಲ್ಲಿ ನೀರಿನ ಲೋಟ ಕೊಟ್ಟರೂ ಗದರುವ ಸುಧಾ ಆಂಟಿ ಸುಮ್ಮನಿದ್ದಾರೆ!

"ಕೈಗೇನಾಯ್ತೋ?"

"ನಥಿಂಗ್. ಪ್ರಾಕ್ಟೀಸ್ ಮಾಡ್ತಿದೀನಿ, ಫಾರ್ ಆಫ್ಟರ್ ದ ಸರ್ಜರಿ."

"ನಿನಗ ಹೇಳೇ ಇಲ್ಲಲ್ಲ!" ಆಂಟಿ ಪಲ್ಯ ಹಾಕುತ್ತ ಸಂಭ್ರಮದಿಂದ ಹೇಳಿದರು. "ಅವನ ಆಪರೇಷನ್‌ಗೆ ಮುಹೂರ್ತ ತಗಿಸೇವಿ. ಗುಡಿ ಭಟ್ಟರು ಎರಡು ದಿನ ಕೊಟ್ಟಾರ. ಮಂಗಳವಾರ ಬ್ಯಾಡಂದೆ ನಾನು."

"ಅಯ್ಯೋ, ಮೊಣಕೈ ಹೋಯ್ತಾ?"

"ನೋ, ಇಟ್ಸ್ ಟೋಟಲಿ ಫೈನ್," ಎಂದ ನಿಖಿಲ್.

ನನ್ನ ಕೈಯಲ್ಲಿನ ರೊಟ್ಟಿ ಕೈಯಲ್ಲೇ ಉಳಿಯಿತು. ಸರಿಯಾಗಿ ಕೇಳಿಸಿಕೊಂಡಿದ್ದೇನೋ ಇಲ್ಲವೋ ಎಂದು ಮೂವರ ಮುಖವನ್ನೂ ನೋಡಿದೆ. ಮೂವರೂ ನನ್ನನ್ನೇ ವಿಚಿತ್ರವಾಗಿ ನೋಡುತ್ತಿದ್ದರು.

"ಚೆನ್ನಾಗಿರೋ ಕೈನ ಕೊಯ್ಸೋದಾ?"

"ನಮ್ಮ ರಿಫೈನರಿಯೊಳಗ ಪೈಪ್ ಸೋರೂ ತನಕ ಕಾಯ್ತೀವೇನು?" ಅಂಕಲ್ ತಣ್ಣಗೆ ಕೇಳಿದರು. "ಸೋರೂಕಿಂತ ಮೊದಲ ಬದಲಿ ಮಾಡ್ತೀವಿ. ಶಟ್‌ಡೌನ್ ನಮಗ ಬೇಕಾದಾಗ ತಗೋಬೇಕವಾ, ಪೈಪಿಗೆ ಬೇಕಾದಾಗಲ್ಲ. ಈ ವರ್ಷ ಮುಗಿಸಿದ್ರ ಕಾಲೇಜ್ ಟೀಮಿನವರು ನೋಡಾಕ ಬರೂದರಾಗ ಹೊಸಾ ಕೈ ರೆಡಿ. ಆಪರೇಷನ್ ಆದವರು ಮೊದಲಿಗಿಂತ ಜೋರ್ ಎಸೀತಾರ."

"ಡಾಕ್ಟರ್ ಒಪ್ಪಿದ್ರಾ?"

"ಹ್ಯೂಸ್ಟನ್‌ನ್ಯಾಗ ಇಬ್ಬರು ಒಲ್ಲೆ ಅಂದ್ರು. ಡಲ್ಲಾಸ್‌ನ್ಯಾಗ ಇನ್ನೊಬ್ಬಾಂವ ಇದ್ದಾನ. ಮುಂದಿನ ವಾರ ಬುಧವಾರ ಹೊಂಟೇವಿ."

ಅಂದರೆ ಡಾಕ್ಟರ್ ಇನ್ನೂ ಒಪ್ಪಿಲ್ಲ. ಭಟ್ಟರು ಒಪ್ಪಿದ್ದಾರೆ!

ಇವರು ಮೂರ್ಖರಲ್ಲ ಓದುಗರೇ, ನನಗೆ ದಿಗಿಲಾಗಿರುವುದೇ ಅದಕ್ಕೆ. ಬೇಸಿಗೆ ರಜೆಯಲ್ಲೇ ಮುಂದಿನ ಕ್ಲಾಸಿನ ಗಣಿತ ಮುಗಿಸುವುದು, ಶಾಲೆ ಶುರುವಾಗುವ ಮೊದಲೇ ಟ್ಯೂಷನ್‌ಗೆ ಹಾಕುವುದು ನಮ್ಮೆಲ್ಲರ ಮನೆಯ ರೂಢಿ. ಎಲ್ಲರಿಗಿಂತ ಮೊದಲು, ಬೇಕಾಗುವುದಕ್ಕಿಂತ ಮೊದಲು. ಆ ರೂಢಿಯ ಕೈಗೆ ಈಗ ಕತ್ತಿ ಸಿಕ್ಕಿದೆ, ಅಷ್ಟೆ.

"ವಾಪಸ್ ಬಂದವರು ಟಿವಿಯಲ್ಲಿ ಕಾಣ್ತಾರೆ ಅಂಕಲ್. ಬಾರದೇ ಇದ್ದವರು ಯಾವ ಚಾನೆಲ್‌ನಲ್ಲಿ ಬರ್ತಾರೆ?" ಎಂದೆ. "ಜೋರಾಗಿ ಎಸೆಯೋದು ಹೊಲಿಗೆಯಿಂದಾನೋ, ವರ್ಷಗಟ್ಟಲೆ ಬೆವರು ಸುರಿಸಿ ಮಾಡೋ ವ್ಯಾಯಾಮದಿಂದಾನೋ? ಆ ವ್ಯಾಯಾಮಾನ ಕೊಯ್ಸದೇ ಮಾಡಬಹುದಲ್ಲ?"

"ನೀ ಡಿಬೇಟ್ ಮಾಡಾಕತ್ತಿ," ಎಂದರು ಅಂಕಲ್. ಇಷ್ಟು ಹೊತ್ತು ಅವರು ಮಾಡುತ್ತಿದ್ದದ್ದು ಏನೋ!

ನಿಖಿಲ್ ಕಡೆ ತಿರುಗಿದೆ. "ನಿನಗೆ ಬೇಕೇನೋ ಇದು?"

ಅವನು ಅಪ್ಪನ ಮುಖ ನೋಡಿದ. ಭುಜ ಕುಣಿಸಿದ. "ಇಟ್ಸ್ ಕೂಲ್. ಡ್ಯಾಡ್ ನೆವರ್ ಗಾಟ್ ದ ಚಾನ್ಸ್."

ಆಂಟಿಯ ಸೌಟು ಪಾತ್ರೆಯಲ್ಲೇ ನಿಂತಿತು. ಅಂಕಲ್ ನನ್ನತ್ತ ನೋಡಲಿಲ್ಲ, ಮಗನತ್ತಲೂ ನೋಡಲಿಲ್ಲ. ಗೋಡೆಯ ಮೇಲಿನ ಫೋಟೊ ನೋಡುತ್ತ, "ನಮ್ಮ ಕಾಲಕ್ಕ ಇಂಥಾದೊಂದು ಇದ್ದಿದ್ರ..." ಎಂದವರು ಪೂರ್ತಿ ಮಾಡಲಿಲ್ಲ. ಅವರ ಎಡಗೈ ತಾನೇ ತಾನಾಗಿ ಬಲ ಭುಜ ಒತ್ತಿಕೊಳ್ಳುತ್ತಿತ್ತು. ಒಂದು ಕಾಲದಲ್ಲಿ ಚೆಂಡು ಎಸೆದು, ಕೈಕೊಟ್ಟ ಭುಜ.

ಮಧ್ಯಾಹ್ನವಿಡೀ ನಾವು ಯಾವ ಹಳೆಯ ಆಟಗಾರನ ಬಗ್ಗೆ ಜಗಳವಾಡುತ್ತಿದ್ದೆವು ಎಂಬುದು ನನಗೆ ಹೊಳೆದದ್ದು ಆಗ.

ಊಟ ಮುಗಿಸಿ ನಿಖಿಲ್ ಹಿತ್ತಲಿಗೆ ಹೋದ. ಬಲೆಗೆ ಚೆಂಡು ಎಸೆಯುವ ಸದ್ದು ಕೇಳುತ್ತಿತ್ತು. ಧಪ್. ಧಪ್. ಯಾವ ತೊಂದರೆಯೂ ಇಲ್ಲದ ಕೈಯ ಸದ್ದು.

ಹೆಸರುಗಳನ್ನು ಬದಲಿಸಿದ್ದೇನೆ. ಆದರೂ ಅಂಕಲ್‌ಗೆ ಗೊತ್ತಾಗುತ್ತದೆ. ಅವರು ಈ ಅಂಕಣವನ್ನು ಇಂಟರ್ನೆಟ್‌ನಲ್ಲಿ ಓದಿ, ತಪ್ಪು ಹುಡುಕಿ, ನನಗೆ ಫೋನ್ ಮಾಡುತ್ತಾರೆ. ಈ ಸಲ ಡಲ್ಲಾಸ್‌ಗೆ ಕಾರು ಹತ್ತುವ ಮೊದಲು ಮಾಡಲಿ. ಅವತ್ತು ಊಟದ ತಟ್ಟೆಯ ಮುಂದೆ ಕೇಳಲಾಗದ್ದನ್ನು ಇಲ್ಲಿ ಕೇಳುತ್ತಿದ್ದೇನೆ:

ಅಂಕಲ್, ನಿಖಿಲ್ ಕೈ ನೋಯುತ್ತಿಲ್ಲ. ಹಾಗಾದರೆ ನೋವು ಯಾರಿಗೆ?