ದೊಡ್ಡಬಾತಿಯಲ್ಲೇ ನಿಂತ ಸೈಕಲ್ಲು

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಏಕಾಂತಪ್ಪ ಎಂಥ ಡೊಂಕು ಚಕ್ರವನ್ನೂ ನೆಟ್ಟಗೆ ಮಾಡುತ್ತಿದ್ದ. ಹೆಂಡತಿ ಶೋಭಾರಾಣಿಗೆ ಲಕ್ವ ಹೊಡೆದು ಎಡಗಾಲು ಸೋತಾಗ ಮಾತ್ರ ಅವನ ಕೈಯೂ ಸೋತಿತು. ದಿನಾ ಪೆಡಲ್ ತುಳಿಸಬೇಕು, ಬಿಟ್ಟರೆ ಕಾಲು ಹೋದಂತೆಯೇ ಎಂದರು ಡಾಕ್ಟರು. ಆಕೆಯೋ ಎರಡು ದಿನ ತುಳಿದು, "ನಿಂತಲ್ಲೇ ನಿಂತಿರೋ ಸೈಕಲ್ ತುಳಿದು ಯಾವ ಊರಿಗೆ ಹೋಗ್ಲಿ?" ಎಂದು ಮುಖ ತಿರುಗಿಸಿದಳು.

"ಹರಿಹರಕ್ಕೆ ಹೋಗು, ನಿಮ್ಮಕ್ಕನ ಮನೀಗೆ" ಎಂದ ಏಕಾಂತಪ್ಪ, ಬಾಯಿಗೆ ಬಂದಂತೆ.

ಅಕ್ಕ ಉಚ್ಚೆಂಗೆಮ್ಮ ತಾಯಿಯಿಲ್ಲದ ತಂಗಿಯನ್ನು ಎತ್ತಿ ಆಡಿಸಿ ಸಾಕಿದವಳು. ಈಗ ಮಂಡಿನೋವು, ಹೊಸ್ತಿಲು ದಾಟಲಾರಳು. ಶೋಭಾರಾಣಿಯ ಕಣ್ಣು ಅರಳಿತು. "ಆಟೋದಾಗೆ ಮೂಟೆ ಹಂಗೆ ಹೊತ್ಕೊಂಡು ಹೋಗೋದು ಬ್ಯಾಡ. ನನ್ನ ಕಾಲಾಗೆ ಅಷ್ಟು ದಾರಿ ಸವೆಸಿದ ದಿನ ಕರ್ಕೊಂಡು ಹೋಗ್ರಿ." ಏಕಾಂತಪ್ಪ ಮಾತು ಕೊಟ್ಟ.

ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ಪೆಡಲು ಕುರ್ಚಿಯಲ್ಲಿ ಕೂತೇ ಸಿಗುವಂತೆ ಮೊದಲೇ ಮಾಡಿದ್ದ, ಈಗ ಅದರ ಹಿಂದಿನ ಚಕ್ರಕ್ಕೆ ಕೆಂಪು ಚಿಂದಿ ಕಟ್ಟಿದ. ಚಿಂದಿ ಮೇಲೆ ಬಂದರೆ ಒಂದು ಸುತ್ತು. ಚಕ್ರದ ಅಡ್ಡಳತೆಯ ಮೂರು ಪಟ್ಟು, ಮೇಲೆ ಚೂರು, ಒಂದು ಸುತ್ತಿಗೆ ಅಷ್ಟು ದಾರಿ. ಇಪ್ಪತ್ತೆಂಟಿಂಚಿನ ಚಕ್ರಕ್ಕೆ ಏಳಡಿ ದಾಟುತ್ತದೆ. ಸುತ್ತುಗಳನ್ನು ಗುಣಿಸಿ, "ಇವತ್ತು ಹರಿಹರಕ್ಕೆ ಹೋಗೋ ಪಿ.ಬಿ. ರಸ್ತೆಗೆ ಬಿದ್ವಿ ನೋಡು" ಎನ್ನುತ್ತಿದ್ದ. ಸಂಜೆ ಫೋನಿನಲ್ಲಿ ಅಕ್ಕನದೂ ಅದೇ ಪ್ರಶ್ನೆ: "ಎಲ್ಲಿಗೆ ಬಂದ್ಯೇ?"

ಕಾಲು ಚುರುಕಾದಂತೆ ಏಕಾಂತಪ್ಪನಿಗೆ ದಿಗಿಲು ಶುರುವಾಯಿತು. ಹರಿಹರ ಮುಟ್ಟಿದ ಮೇಲೆ ಇವಳು ತುಳಿಯುತ್ತಾಳೆಯೇ? ನಿಲ್ಲಿಸಿಬಿಟ್ಟರೆ? ಮಹಾ ಬುದ್ಧಿವಂತ, ಹೆಂಡತಿಯನ್ನು ಒಂದು ಮಾತು ಕೇಳಬಾರದೇ! ಕೇಳಲಿಲ್ಲ. ಚಕ್ರ ಬದಲಿಸದೆ, ಲೆಕ್ಕದಲ್ಲಿ ಮಾತ್ರ ಮಕ್ಕಳ ಸೈಕಲ್ಲಿನ ಹದಿನಾಲ್ಕಿಂಚು ಹಿಡಿದು ಗುಣಿಸತೊಡಗಿದ. ದಿನಾ ಸವೆಸುವ ದಾರಿ ಅರ್ಧಕ್ಕೆ ಇಳಿಯಿತು. ಅವಳು ಪಾಪ, ನಂಬಿಕೊಂಡು ಬೆವರಿಳಿಸಿ ತುಳಿದಳು.

"ದೊಡ್ಡಬಾತಿಗೆ ಬಂದೀನಕ್ಕ, ಅರ್ಧ ದಾರಿ ಆತು" ಎಂದು ಆಕೆ ಹೇಳಿದ ಸಂಜೆ, ನಿಜದ ಲೆಕ್ಕದಲ್ಲಿ ಹರಿಹರ ಬಂದಾಗಿತ್ತು.

"ಇನ್ನೂ ಬಾತಿಯೇನೇ? ಲಗೂನ ಬಾರೇ, ನಂಗ್ಯಾಕೋ ಉಸಿರು ಸಾಲ್ತಿಲ್ಲ" ಎಂದಳು ಉಚ್ಚೆಂಗೆಮ್ಮ.

ಪಕ್ಕದಲ್ಲೇ ಇದ್ದ ಏಕಾಂತಪ್ಪನಿಗೂ ಅದು ಕೇಳಿಸಿತು. ನಿಜದ ಲೆಕ್ಕ ನಾಳೆ ಹೇಳಿದರಾಯಿತು ಎಂದುಕೊಂಡ. ಮರುದಿನವೂ ಹಾಗೇ ಅಂದುಕೊಂಡ. ಅದೇ ವಾರ ಅಕ್ಕ ತೀರಿಕೊಂಡಳು.

ಕಡೆಗೆ ಆಟೋವೇ ಗತಿಯಾಯಿತು. ದೊಡ್ಡಬಾತಿ ಬಂತು, ಹಿಂದೆ ಸರಿಯಿತು. ಶೋಭಾರಾಣಿ ಕಣ್ಣೊರೆಸಿಕೊಳ್ಳುವುದರೊಳಗೆ ಹರಿಹರ. "ಬಾತಿಯಿಂದ ಇಷ್ಟೇ ದೂರಾನೇನ್ರಿ?" ಎಂದಳು. "ಇನ್ನೆರಡು ದಿನ ಜಾಸ್ತಿ ತುಳಿದಿದ್ರೆ ಮುಟ್ತಿದ್ನಲ್ರಿ."

ತಪ್ಪು ತನ್ನ ಕಾಲಿನದೆಂದು ಅವಳು ಅಳುತ್ತಿದ್ದಳು. ಅದನ್ನು ಅವನಿಂದ ತಡೆಯಲಾಗಲಿಲ್ಲ. ಮಣ್ಣು ಮುಗಿಸಿ ಮನೆಗೆ ಬಂದವನೇ ಹೇಳಿಬಿಟ್ಟ: "ನೀನು ಯಾವಾಗ್ಲೋ ಮುಟ್ಟಿದ್ದಿ. ನಾನೇ ಸಣ್ಣ ಚಕ್ರದ ಲೆಕ್ಕ ಹಾಕ್ದೆ. ಮುಟ್ಟಿದ ಮೇಲೆ ನಿಲ್ಲಿಸ್ತೀಯ ಅಂತ ಹೆದರಿದ್ದೆ."

ಅವಳು ಬೈಯಲಿಲ್ಲ, ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಬೆಳಿಗ್ಗೆ ಕುರ್ಚಿ ಹಾಕಿ, ಅವಳ ಪಾದವನ್ನು ಪೆಡಲಿನ ಮೇಲಿಟ್ಟ. ಶೋಭಾರಾಣಿ ಎರಡೂ ಕೈಯಿಂದ ಆ ಕಾಲನ್ನು ಎತ್ತಿ ನೆಲಕ್ಕೆ ಇಳಿಸಿಕೊಂಡಳು.

"ಇನ್ನು ಯಾವ ಊರಿಗ್ರಿ?" ಎಂದಳು.