ಚನ್ನಬಸವ್ವ ಮಸೆದ ಅಂಚು

ಚನ್ನಬಸವ್ವ ಹಿಮದ ಇಳಿಜಾರಿನ ಮೇಲೆ ಒಮ್ಮೆಯೂ ಕಾಲಿಟ್ಟವಳಲ್ಲ. ಐವತ್ತನಾಲ್ಕು ವರ್ಷಗಳಲ್ಲಿ ಅವಳು ಹಿಮ ತುಳಿದದ್ದು ಎಜ್‌ವೇರ್‌ನ ಬಸ್‌ಸ್ಟಾಪಿನಲ್ಲಿ ಮಾತ್ರ, ಅದನ್ನೂ ಬೈಯುತ್ತ. ಆದರೂ ವಾಯವ್ಯ ಲಂಡನ್ನಿನಿಂದ ಆಲ್ಪ್ಸ್ ಪರ್ವತಕ್ಕೆ ಜಾರಲು ಹೋಗುವ ನೂರಾರು ಜನರು ಕಾಲಿಗೆ ಕಟ್ಟಿಕೊಳ್ಳುವ ಸ್ಕೀ ಹಲಗೆಗಳು ಈ ಚಳಿಗಾಲದಲ್ಲಿ ಅವಳ ಕೈ ದಾಟಿಯೇ ಹೋದವು.

ಅವಳ ಊರು ಬಸವನ ಬಾಗೇವಾಡಿ. ಗಂಡ ಅಡಿವೆಪ್ಪ ಇಲ್ಲಿ ಬಸ್ ಓಡಿಸುತ್ತಾನೆ. ಒಂಬತ್ತು ವರ್ಷ ಅವಳು ಒಂದು ಶಾಲೆಯ ಅಡುಗೆಮನೆಯಲ್ಲಿದ್ದಳು. ಶಾಲೆಯವರು ಊಟವನ್ನು ಹೊರಗಿನಿಂದ ತರಿಸಲು ಶುರುಮಾಡಿದ ಮೇಲೆ ಎಜ್‌ವೇರ್‌ನ ಸ್ಕೀ ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸ ಹಿಡಿದಳು. ಅಂಗಡಿಯ ಮಾಲೀಕ ಶಿವಪ್ರಕಾಶ ಪಿನ್ನರ್ ನಿವಾಸಿ, ಬೆಂಗಳೂರಿನವನು. ಹದಿನೈದು ವರ್ಷ ಕಂಪ್ಯೂಟರ್ ಕೆಲಸ ಮಾಡಿ, ಬಿಟ್ಟು, ಈ ಅಂಗಡಿ ಇಟ್ಟ. ಅವನ ತಾಯಿ ಈಗಲೂ ನೆಂಟರಿಗೆಲ್ಲ ಮಗ ಕಂಪ್ಯೂಟರಿನಲ್ಲೇ ಇದ್ದಾನೆಂದು ಹೇಳುತ್ತಾರೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಡೆಸ್ಮಂಡ್ ಎಂಬ ಮುದುಕ ಹಲಗೆಗಳನ್ನು ಹದಮಾಡುತ್ತಿದ್ದ. ಉಪಕರಣಗಳನ್ನು ಅಲ್ಲಾಡಿಸದೆ ಅವುಗಳ ಸುತ್ತ ಗುಡಿಸುವ ಹೆಂಗಸನ್ನು ಅವನು ಅದುವರೆಗೆ ಕಂಡಿರಲಿಲ್ಲ. ಮೆಚ್ಚಿಕೊಂಡು ಅವಳ ಕೈಗೆ ಇಸ್ತ್ರಿಪೆಟ್ಟಿಗೆ ಕೊಟ್ಟ. ಎರಡು ಚಳಿಗಾಲದಲ್ಲಿ ಅವಳು ಹಲಗೆ ಸರಾಗ ಜಾರಲೆಂದು ಅದಕ್ಕೆ ಮೇಣ ಹಾಕುವುದನ್ನು ಕಲಿತಳು: ಮೇಣವನ್ನು ಇಸ್ತ್ರಿಗೆ ತಾಗಿಸಿ ತಳದ ಮೇಲೆ ಹನಿಸಬೇಕು, ಹೊಗೆ ಏಳದಷ್ಟೇ ಬಿಸಿಯಲ್ಲಿ ಹರಡಬೇಕು, ಆರಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆದು ಬ್ರಷ್ಷಿನಿಂದ ಉಜ್ಜಬೇಕು. ಇಸ್ತ್ರಿಯ ಬಿಸಿ ನೋಡಲು ಡೆಸ್ಮಂಡ್ ಅದರ ಮೇಲಿನ ಅಂಕಿಗಳನ್ನು ಓದುತ್ತಿದ್ದ. ಅವಳು ಹತ್ತಿರ ಅಂಗೈ ಹಿಡಿಯುತ್ತಿದ್ದಳು. ಇಬ್ಬರ ಲೆಕ್ಕವೂ ಒಂದೇ ಆಗುತ್ತಿತ್ತು.

ಅಕ್ಟೋಬರ್ ಕೊನೆಗೆ ಡೆಸ್ಮಂಡ್ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿ ಕೂತ. ಬೇರೆ ಯಾರೂ ಸಿಗದೆ ಶಿವಪ್ರಕಾಶ ಅವನ ಕೆಲಸದ ಮೇಜನ್ನು ಚನ್ನಬಸವ್ವನಿಗೆ ಒಪ್ಪಿಸಿದ. ಷರತ್ತು ಸರಳವಾಗಿತ್ತು. ಜನವರಿ ಕೊನೆಯವರೆಗೆ ಒಂದೂ ದೂರು ಬರದಿದ್ದರೆ ಮೇಜು ಅವಳದು. ಬಂದರೆ ಮತ್ತೆ ಪೊರಕೆ. ಅವಳು ಅಡಿವೆಪ್ಪನಿಗೆ ಕೂಡ ಇದನ್ನು ಹೇಳಲಿಲ್ಲ. ಹೇಳಿದ್ದರೆ ಅವನು ಬಸ್ಸಿನಲ್ಲಿ ಹತ್ತಿದವರಿಗೆಲ್ಲ ಹೇಳುತ್ತಿದ್ದ.

ಜನವರಿ ಮಧ್ಯದ ಒಂದು ಶುಕ್ರವಾರ, ಅಂಗಡಿ ಮುಚ್ಚಲು ಒಂದೂವರೆ ಗಂಟೆ ಇರುವಾಗ, ಕೊಲಿಂಡೇಲ್‌ನಿಂದ ವರುಣ್ ಮತ್ತು ಅವನ ಹೆಂಡತಿ ಕೃತಿ ಬಂದರು. ಇಬ್ಬರಿಗೂ ಹೊಸ ಹಲಗೆ ಕೊಂಡರು. ಮರುದಿನ ಬೆಳಿಗ್ಗೆ ಅವರ ವಿಮಾನ. ವರುಣ್ ಅಂತರ್ಜಾಲದಲ್ಲಿ ಓದಿಕೊಂಡು ಬಂದಿದ್ದ. ಓದಿಕೊಂಡು ಬರುವವರ ಕಾಟ ಎಲ್ಲ ಕಸುಬಿನಲ್ಲೂ ಇದೆ.

"ಆಂಟಿ, ಏನೂ ಮಾಡ್ಬೇಡಿ. ಹೊಸದಕ್ಕೆ ಫ್ಯಾಕ್ಟರೀಲೇ ವ್ಯಾಕ್ಸ್ ಹಾಕಿರ್ತಾರಂತೆ," ಎಂದ ವರುಣ್.

"ಯಾವಾಗ ಹಾಕ್ಯಾರ?"

"ಮಾಡೋವಾಗ."

"ಮಾಡಿದ್ದು ಯಾವಾಗ?"

ಚನ್ನಬಸವ್ವ ಹಲಗೆ ಮಗುಚಿ ತಳದ ಮೇಲೆ ಬೆರಳೆಳೆದಳು. ಕಪ್ಪು ತಳದಲ್ಲಿ ಅಲ್ಲಲ್ಲಿ ಬಿಳಿಚಿಕೊಂಡಿತ್ತು, ಎಣ್ಣೆ ಕಾಣದ ಚರ್ಮದ ಹಾಗೆ. ಫ್ಯಾಕ್ಟರಿಯ ಮೇಣ ತೆಳು. ತಿಂಗಳುಗಟ್ಟಲೆ ಗೋದಾಮಿನಲ್ಲಿ ಬಿದ್ದು ಒಣಗಿರುತ್ತದೆ.

"ತಮ್ಮಾ, ನಿಮ್ಮ ಮನ್ಯಾಗ ಹೊಸ ಹಂಚು ತಂದ್ರ ಏನ್ ಮಾಡ್ತೀರಿ? ಅವತ್ತ ರೊಟ್ಟಿ ಬಡದು ಮಂದಿಗೆ ಹಾಕ್ತೀರೇನು?"

"ನಮ್ಮನೇಲಿ ನಾನ್‌ಸ್ಟಿಕ್ ಆಂಟಿ."

"ಹಂಗಾರ ನಿಮಗ ಹೇಳಿ ಉಪಯೋಗ ಇಲ್ಲ. ಹಂಚು ಪಳಗಬೇಕು. ಎಣ್ಣಿ ಹಚ್ಚಿ ಕಾಸಿದ ಮ್ಯಾಲೂ ಮೊದಲನೇ ರೊಟ್ಟಿ ನಾಯಿಗಿ. ನಿಮ್ಮ ಹಲಗೀಗೆ ಮೇಣ ಇಲ್ದ ಹೋದ್ರ ಆ ನಾಯಿ ರೊಟ್ಟಿ ನೀವ ಆಗ್ತೀರಿ, ನೋಡ್ರಿ."

ಕೃತಿ ನಕ್ಕಳು. "ಹಾಕಿಸ್ಕೋ ವರುಣ್, ಆಂಟಿ ಬಿಡಲ್ಲ."

ಮೊದಲು ವರುಣ್‌ನ ಹಲಗೆಗಳಿಗೆ ಮೇಣವಾಯಿತು. ಆಮೇಲೆ ಅಂಚು. ಹಲಗೆಯ ಎರಡೂ ಬದಿಗೆ ಉಕ್ಕಿನ ಪಟ್ಟಿಯಿರುತ್ತದೆ. ತಿರುಗುವಾಗ, ನಿಲ್ಲುವಾಗ ಹಿಮವನ್ನು ಕಚ್ಚುವುದು ಅದೇ. ಹೊಸ ಹಲಗೆಯ ಅಂಚಿಗೆ ಅರ ಮುಟ್ಟಿಸಬೇಡ ಎಂದು ಡೆಸ್ಮಂಡ್ ಹೇಳಿದ್ದ. ಫ್ಯಾಕ್ಟರಿಯ ಯಂತ್ರವೇ ಸಾಕಷ್ಟು ಹರಿತ ಮಾಡಿರುತ್ತದೆ. ಸಿಬಿರು ಎದ್ದಿದ್ದರೆ ಕಲ್ಲಿನಿಂದ ಒಮ್ಮೆ ಸವರಿ, ಮುಂತುದಿಯ ಮೂತಿಯಲ್ಲೂ ಹಿಂತುದಿಯ ಬಾಲದಲ್ಲೂ ಒಂದು ಗೇಣು ಮೊಂಡು ಮಾಡಿ ಬಿಡು, ಅಷ್ಟೇ. ಚನ್ನಬಸವ್ವ ಇದನ್ನು ಕೇಳಿಸಿಕೊಂಡಿದ್ದಳು. ಮೊಣಕಾಲು ನೋವಿನವನ ಸೋಮಾರಿತನವೆಂದು ಪಕ್ಕಕ್ಕಿಟ್ಟಿದ್ದಳು. ಅವಳ ಸೀಮೆಯಲ್ಲಿ ಕಮ್ಮಾರ ಹೊಸ ಕುಡಗೋಲನ್ನು ಬಡಿದು ರೂಪ ಕೊಡುತ್ತಾನೆ. ಮಸೆದುಕೊಳ್ಳುವುದು ಕೊಂಡವರ ಕೆಲಸ. ಮಸೆಯದೆ ಹೊಲಕ್ಕೆ ಒಯ್ದವಳನ್ನು ಕೂಲಿ ಹೆಂಗಸರು ಆ ಸುಗ್ಗಿ ಮುಗಿಯುವವರೆಗೆ ಆಡಿಕೊಳ್ಳುತ್ತಾರೆ. ಹಿಂದಿನ ಎರಡೂವರೆ ತಿಂಗಳು ಅವಳ ಮೇಜಿಗೆ ಬಂದದ್ದೆಲ್ಲ ಹಳೆಯ ಹಲಗೆ, ಮಸೆಯಬೇಕಾದ ಅಂಚು. ಹೊಸ ಜೋಡಿ ಅದೇ ಮೊದಲು. ಅರ ಹಿಡಿದು ಮೂತಿಯಿಂದ ಬಾಲದವರೆಗೆ ಮಸೆದಳು. ಹೆಬ್ಬೆರಳಿನ ಉಗುರು ಎಳೆದು ನೋಡಿದಳು. ಉಗುರು ಪುಡಿಯಾಗಿ ಬಂತು. ತೃಪ್ತಿಯಾಯಿತು.

ಅಷ್ಟರಲ್ಲಿ ಅಂಗಡಿ ಮುಚ್ಚುವ ಹೊತ್ತು. ಕೃತಿಯ ಹಲಗೆಗೆ ಮೇಣ ಮಾತ್ರ ಆಯಿತು. "ಅಂಚು ಉಳೀತು. ಬಂದ ಮ್ಯಾಲ ಮಾಡಿಕೊಡ್ತೀನಿ ತಂಗಿ," ಎಂದು ಚನ್ನಬಸವ್ವ ಕ್ಷಮೆ ಕೇಳಿದಳು.

ಜನವರಿ ಮುಗಿಯಲು ಎರಡು ದಿನ ಇರುವಾಗ ಇಬ್ಬರೂ ಮತ್ತೆ ಬಂದರು. ವರುಣ್‌ನ ಗದ್ದದ ಮೇಲೆ ನಾಲ್ಕು ಹೊಲಿಗೆ. ಅವನು ಹಲಗೆ ಹೊತ್ತು ನೇರ ಶಿವಪ್ರಕಾಶನ ಬಳಿ ಹೋಗಿ, "ಸರ್, ಇದನ್ನ ಸೆಕೆಂಡ್‌ಹ್ಯಾಂಡ್‌ಗೆ ಇಟ್ಕೋತೀರಾ? ನಂಗೆ ಇದೆಲ್ಲ ಬರಲ್ಲ," ಎಂದ.

"ಹದಿನಾಲ್ಕು ಸಲ ಬಿದ್ದ ಸರ್," ಎಂದಳು ಕೃತಿ. "ನಾನು ಎಣಿಸ್ದೆ."

"ಅವಳು ಎಣಿಸಿದ್ದಕ್ಕೇ ಬಿದ್ದಿದ್ದು."

"ನಾನೂ ಮೊದಲನೇ ಸಲಾನೇ ಕಣೋ ಹೋಗಿದ್ದು. ನಂದು ಬೆಣ್ಣೆ ತರ ಹೋಯ್ತು."

"ನಂದೂ ಬೆಣ್ಣೆ ತರಾನೇ ಹೋಯ್ತು. ತಿರುಗಿಸೋಕೆ ಹೋದ್ರೆ ಯಾರೋ ಕಾಲು ಹಿಡ್ಕೊಂಡ ಹಾಗಾಗೋದು. ನಂಗೆ ಬ್ಯಾಲೆನ್ಸ್ ಇಲ್ಲ ಅಷ್ಟೇ, ಬಿಡು. ಮಾರ್ಚ್‌ಗೆ ನೀನು ಫ್ರೆಂಡ್ಸ್ ಜೊತೆ ಹೋಗು, ನಾನು ಬರಲ್ಲ."

ಗಮನಿಸಬೇಕು: ವರುಣ್ ದೂರು ಕೊಡಲಿಲ್ಲ. ತಪ್ಪು ತನ್ನ ದೇಹದ್ದೆಂದು ಅವನು ತೀರ್ಮಾನಿಸಿಕೊಂಡಿದ್ದ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಚನ್ನಬಸವ್ವನಿಗೆ ಮಾತ್ರ ಲೆಕ್ಕ ಸರಿಯಾಗಿ ಕಂಡಿತು. ಒಂದೇ ದಿನ ಕೊಂಡ ಎರಡು ಜೋಡಿ, ಒಂದೇ ಮೇಣ. ಮಸೆದ ಜೋಡಿಯವನು ಬಿದ್ದ, ಮಸೆಯದ ಜೋಡಿಯವಳು ಬೀಳಲಿಲ್ಲ. ಅವಳು ಹಿಂದಿನ ಕೋಣೆಗೆ ಹೋಗಿ ಡೆಸ್ಮಂಡ್‌ಗೆ ಫೋನ್ ಮಾಡಿದಳು. ಮಾಡಿದ್ದನ್ನು ಹೇಳಿದಳು.

"ಮೂತಿಯಿಂದಲೇ ಮಸೆದೆಯಾ?" ಎಂದು ಡೆಸ್ಮಂಡ್ ಇಂಗ್ಲಿಷಿನಲ್ಲಿ ಕೇಳಿದ.

"ಹೂಂ."

"ಮುಟ್ಟಬೇಡ ಎಂದಿರಲಿಲ್ಲವೇ?"

"ಹೇಳಿದ್ದಿರಿ."

ಅವನು ಹುಡುಗ ಏಕೆ ಬಿದ್ದನೆಂದೂ ಅಂಚನ್ನು ಹೇಗೆ ಸರಿಮಾಡಬೇಕೆಂದೂ ತಿಳಿಸಿ, ತನ್ನ ಮೊಣಕಾಲಿನ ವಿಷಯ ಮಾತಾಡಿದ.

ಎರಡು ದಿನ ಬಾಯಿ ಮುಚ್ಚಿಕೊಂಡಿದ್ದರೆ ಮೇಜು ಅವಳದೇ. ಇದು ಅವಳಿಗೆ ಹೊಳೆಯಲಿಲ್ಲವೆಂದು ತಿಳಿಯಬಾರದು. ಅವಳು ದಡ್ಡಿಯಲ್ಲ. ಫೋನ್ ಇಟ್ಟು, ಮೇಜಿನ ಮೇಲೆ ಚೆಲ್ಲಿದ್ದ ಮೇಣದ ಹೆರೆಯನ್ನೆಲ್ಲ ಗುಡಿಸಿ ಡಬ್ಬಿಗೆ ಹಾಕುವವರೆಗೆ ಯೋಚಿಸಿದಳು. ಆಮೇಲೆ ಮುಂದಿನ ಅಂಗಡಿಗೆ ಬಂದಳು. ಶಿವಪ್ರಕಾಶ ವರುಣ್‌ನ ಹಲಗೆಗೆ ಬೆಲೆಯ ಚೀಟಿ ಕಟ್ಟುತ್ತಿದ್ದ.

"ಸಾಹೇಬ್ರ, ಒಂದು ಕಂಪ್ಲೇಂಟ್ ಐತಿ."

"ಯಾರ್ದು?"

"ನಂದ."

"ಯಾರ ಮೇಲೆ?"

"ನನ್ನ ಮ್ಯಾಲ."

ಅವಳು ನಿಂತಲ್ಲೇ ಎಲ್ಲ ಹೇಳಿದಳು: ಕುಡಗೋಲು, ಅರ, ಮೂತಿ, ಬಾಲ. ತಿರುಗಲು ಶುರುಮಾಡುವ ಮೊದಲೇ ಮೂತಿ ಹಿಮ ಕಚ್ಚಿದರೆ ಕಲಿಯುವವನು ಬೀಳಲೇಬೇಕು. ಕೊನೆಗೆ ವರುಣ್ ಕಡೆ ತಿರುಗಿ, "ನೀ ಬಿದ್ದಿದ್ದು ನನ್ನಿಂದ ತಮ್ಮಾ," ಎಂದಳು. ಅವನ ಗದ್ದ ನೋಡಿ, "ಹೊಲಿಗಿ ಚಂದ ಹಾಕ್ಯಾರ," ಎಂದೂ ಸೇರಿಸಿದಳು.

ವರುಣ್ ಹೆಂಡತಿಯ ಮುಖ ನೋಡಿದ. ಎರಡು ವಾರದಲ್ಲಿ ಮೊದಲ ಬಾರಿಗೆ ಅವನ ಬೆನ್ನು ನೆಟ್ಟಗಾಯಿತು. "ನೋಡಿದ್ಯಾ?"

"ಹದಿನಾಲ್ಕೂ ಆಂಟೀದೇನಾ?" ಎಂದಳು ಕೃತಿ.

ಶಿವಪ್ರಕಾಶ ಚೀಟಿ ಬಿಚ್ಚಿದ. "ಚನ್ನಬಸವ್ವನೋರೆ, ಎರಡು ದಿನ ಸುಮ್ನಿದ್ದಿದ್ರೆ ಆಗ್ತಿತ್ತಲ್ಲ."

"ಅಷ್ಟರಾಗ ಹಲಗಿ ಮಾರಿ ಹೋಗಿರ್ತಿತ್ರಿ. ಕೊಂಡಾವಾ ಬೀಳ್ತಿದ್ದ. ಅವಂಗ ನನ್ನ ಹೆಸರು ಸೈತ ಗೊತ್ತಿರ್ತಿರಲಿಲ್ಲ."

ಶಿವಪ್ರಕಾಶ ನ್ಯಾಯವಾದ ಮನುಷ್ಯ, ಅಂದರೆ ನಿಧಾನಿ. ದೂರು ದೂರೇ ಎಂದ. ಆದರೆ ಕೆಡಿಸಿದವರು ಸರಿಪಡಿಸಬಲ್ಲರೇ ಎಂಬುದನ್ನೂ ನೋಡಬೇಕು. ಅವಳೇ ಅಂಚು ಸರಿಮಾಡಲಿ. ಶನಿವಾರ ವರುಣ್ ಅದೇ ಹಲಗೆ ಕಟ್ಟಿಕೊಂಡು ಜಾರಲಿ. ಅಂಚು ಮತ್ತೆ ಕಚ್ಚಿದರೆ ಪೊರಕೆ.

ಆ ಸಂಜೆ ಚನ್ನಬಸವ್ವ ಹಲಗೆಗಳನ್ನು ಮೇಜಿನ ಹಿಡಿತದಲ್ಲಿ ಬಿಗಿದು, ರಬ್ಬರಿನಂಥ ಮೆತ್ತನೆಯ ಸಾಣೆಕಲ್ಲಿನಿಂದ ಮೂತಿ, ಬಾಲ ಎರಡನ್ನೂ ಮೊಂಡು ಮಾಡಿದಳು. ಹರಿತವಾದುದನ್ನು ಬೇಕೆಂದೇ ಮೊಂಡು ಮಾಡುವುದು ಅವಳ ಜೀವಮಾನದಲ್ಲಿ ಅದೇ ಮೊದಲು. ನಡುವಿನ ಉದ್ದಕ್ಕೂ ಕಲ್ಲು ಸವರಿ, ಅರ ಎಬ್ಬಿಸಿದ್ದ ಸಿಬಿರು ತೆಗೆದಳು. ಬೆರಳಿಗೆ ಎಲ್ಲಿಯೂ ಚುಚ್ಚದಂತಾಗುವವರೆಗೆ ಬಿಡಲಿಲ್ಲ.

ಶನಿವಾರ ಶಿವಪ್ರಕಾಶ ಎಲ್ಲರನ್ನೂ ಕಾರಿನಲ್ಲಿ ಲಂಡನ್ನಿನ ಹೊರಗಿನ ಒಳಾಂಗಣ ಇಳಿಜಾರಿಗೆ ಕರೆದೊಯ್ದ. ಅದು ದೊಡ್ಡ ಗೋದಾಮಿನಂಥ ಕಟ್ಟಡ, ಒಳಗೆ ಯಂತ್ರ ಮಾಡಿದ ಹಿಮ. ಚನ್ನಬಸವ್ವ ಶಾಲು ಹೊದ್ದು ಕಟಕಟೆಯ ಹಿಂದೆ ನಿಂತಳು. ವರುಣ್ ಒಂದು ಗಂಟೆ ಜಾರಿದ. ಅವನು ಚೆನ್ನಾಗಿ ಜಾರಿದನೆಂದು ಹೇಳಲಾಗದು. ಕೈಗಳನ್ನು ಹಗ್ಗದ ಮೇಲೆ ನಡೆಯುವವನಂತೆ ಚಾಚಿದ್ದ, ಮುಖ ಪರೀಕ್ಷೆಗೆ ಕೂತವನದು. ಆದರೆ ಎಡಕ್ಕೆ ತಿರುಗಬೇಕೆಂದಾಗ ಎಡಕ್ಕೆ ತಿರುಗಿದ, ಬಲಕ್ಕೆಂದಾಗ ಬಲಕ್ಕೆ. ಎಂಟನೆಯ ಸಲ ಇಳಿದವನು ಕಟಕಟೆಯ ಬಳಿ ಬಂದು ತಾನಾಗಿ ನಿಂತ.

"ಕೃತಿ, ಮಾರ್ಚ್‌ಗೆ ನಂಗೂ ಟಿಕೆಟ್ ಮಾಡು," ಎಂದ.

ಶಿವಪ್ರಕಾಶ ಚನ್ನಬಸವ್ವನ ಕಡೆ ತಿರುಗಿದ. "ಎಷ್ಟು ಸಲ ಬಿದ್ರು?"

"ಎರಡು."

"ಅಂಚು ಕಚ್ತಾ?"

"ಇಲ್ರಿ. ಒಂದ್ ಸಲ ಹೆಂಡ್ತಿ ನೋಡಾಕತ್ತಾಳೇನಂತ ನೋಡಾಕ ಹೋಗಿ ಬಿದ್ದ. ಇನ್ನೊಂದ್ ಸಲ ನಿಂತಲ್ಲೇ ಬಿದ್ದ. ಅವೆರಡೂ ಅವನವ."

ಶಿವಪ್ರಕಾಶ ಹಲಗೆ ಮಗುಚಿ ಅಂಚಿನ ಮೇಲೆ ಮೂತಿಯಿಂದ ಬಾಲದವರೆಗೆ ಬೆರಳೆಳೆದ. ವರುಣ್‌ಗೆ ಹಿಂತಿರುಗಿಸಿದ.

"ಸೋಮವಾರ ಸ್ವಲ್ಪ ಬೇಗ ಬನ್ನಿ," ಎಂದ ಚನ್ನಬಸವ್ವನಿಗೆ. "ನಿಮ್ಮ ಮೇಜಿಗೆ ಹನ್ನೊಂದು ಜೋಡಿ ಬಂದಿವೆ."

"ಹೊಸಾವೇನ್ರಿ?"

"ಹೊಸವು."

"ಬರೇ ಮೇಣ," ಎಂದಳು ಅವಳು.